ನಾವಿದ್ದೇವೆ ಎಂದ ಮೇಜು

ಒಂದಾನೊಂದು ಕಾಲದಲ್ಲಿ ಐವರು ರಾಜರಿದ್ದರು. ದೊಡ್ಡ ಚಕ್ರವರ್ತಿಗಳ ಪಂಕ್ತಿಯಲ್ಲಿ ತಮಗಿನ್ನೂ ಮಣೆ ಹಾಕಿಲ್ಲವೆಂಬ ಸಿಟ್ಟು ಐವರಿಗೂ ಇತ್ತು. ಅವರೆಲ್ಲ ಸೇರಿ ಒಂದು ಮಾತು ಮಾಡಿಕೊಂಡರು. ಪ್ರತಿ ಅರಮನೆಯಲ್ಲೂ ಒಂದೊಂದು ಗಂಟೆ ಕಟ್ಟುವುದು; ಯಾರ ಮನೆಗೆ ಕಳ್ಳ ಹೊರಟ ಸುಳಿವು ಸಿಕ್ಕರೂ ಆ ಮನೆಯ ಗಂಟೆ ಬಾರಿಸುವುದು; ಕೇಳಿಸಿಕೊಂಡವನು "ನಾವಿದ್ದೇವೆ" ಎಂದು ಕೂಗಿ ಹೇಳುವುದು. ಗಂಟೆಗೆ ತುಕ್ಕು ಹಿಡಿಯದಿರಲೆಂದು ಹುಣ್ಣಿಮೆಗೊಮ್ಮೆ ಸುಮ್ಮನೆ ಬಾರಿಸಿ ನೋಡುವುದೆಂದೂ ಆಯಿತು.

ಆ ರಾಜರು ಈಗ ಸೂಟು ಹಾಕುತ್ತಾರೆ. ಗಂಟೆಯ ಜಾಗದಲ್ಲಿ ಕಂಪ್ಯೂಟರ್ ಇದೆ, ಮಾತಿಗೆ ಮಾಹಿತಿ ಭದ್ರತಾ ಸಹಕಾರ ಒಪ್ಪಂದ ಎಂಬ ಹೆಸರಿದೆ, ಹುಣ್ಣಿಮೆಯ ಬದಲು ತಿಂಗಳ ಮೊದಲ ಸೋಮವಾರ.

ಮಾರ್ಚ್ ಹನ್ನೊಂದರ ಬೆಳಿಗ್ಗೆ ಠಾಣೆಗೆ ಬಂದ ದರ್ಜಿ ಹೆಂಗಸಿಗೆ ಇದಾವುದೂ ಗೊತ್ತಿರಲಿಲ್ಲ. ಅವಳು ಸಾಕಿ ಬೆಳೆಸಿದ ತಮ್ಮ ಸತ್ತು ವಾರವಾಗಿತ್ತು. ಆಪರೇಷನ್ ಥಿಯೇಟರಿನ ಬಾಗಿಲವರೆಗೆ ಹೋದವನನ್ನು ಆಸ್ಪತ್ರೆಯವರು ವಾಪಸು ತಂದಿದ್ದರು. ಯಾರೋ ಹೊರಗಿನಿಂದ ನುಗ್ಗಿ ಅಲ್ಲಿಯ ಕಂಪ್ಯೂಟರ್‌ಗಳನ್ನೆಲ್ಲ ಲಾಕ್ ಮಾಡಿದ್ದರಿಂದ ತಲೆಯ ಸ್ಕ್ಯಾನ್ ತೆರೆಯಲಿಲ್ಲ. ಇನ್ನೊಂದು ಆಸ್ಪತ್ರೆಗೆ ಹೊರಟ ಆಂಬ್ಯುಲೆನ್ಸ್ ಸೇತುವೆ ದಾಟುವ ಮೊದಲೇ ಅವನ ಉಸಿರು ನಿಂತಿತ್ತು.

"ಕಳ್ಳರು ಎಲ್ಲಿಯವರೋ ಬಿಡಿ, ನೀವು ಹಿಡಿಯಲ್ಲ," ಎಂದಳು. "ಪಕ್ಕದ ದೇಶದವರಿಗೆ ಇದು ಮೊದಲೇ ಗೊತ್ತಾಗಿ, ಅವರ ಆಸ್ಪತ್ರೆಗಳು ಉಳಕೊಂಡ್ವಂತೆ. ಪೇಪರಲ್ಲಿ ಬಂದಿದೆ. ನಮಗೆ ಯಾಕೆ ಯಾರೂ ಹೇಳ್ಲಿಲ್ಲ? ಅಷ್ಟು ತಿಳಿದ್ರೆ ಸಾಕು."

"ಗೊತ್ತಾದ ದಿನ ನಾನೇ ಮನೆಗೆ ಬಂದು ಹೇಳ್ತೀನಮ್ಮ," ಎಂದರು ಇನ್ಸ್‌ಪೆಕ್ಟರ್.

ಎಫ್‌ಐಆರ್ ದಾಖಲಾಯಿತು. ಬಾಯಿಗೆ ಬೀಗವಿಲ್ಲದ್ದರಿಂದ ರೇಡಿಯೊ ಎಂದೇ ಹೆಸರಾದ ಹೆಡ್ ಕಾನ್‌ಸ್ಟೇಬಲ್, ಪಕ್ಕದ ಠಾಣೆಯವರೇ ನಮ್ಮ ಫೋನ್ ಎತ್ತಲ್ಲ, ಸಾಹೇಬರು ಪಕ್ಕದ ದೇಶಕ್ಕೆ ಹೊರಟರು ಎಂದು ಜಗಲಿಯಲ್ಲಿ ನಕ್ಕ.

ಪಕ್ಕದ ದೇಶದವರು ಮಾತ್ರ ಫೋನ್ ಎತ್ತಿದರು. ಆ ಕಡೆ, ಒಪ್ಪಂದದ ಸಂದೇಶಗಳನ್ನು ನೋಡಿಕೊಳ್ಳುವ ಅಲ್ಲಿನ ಸಂಪರ್ಕ ಮೇಜಿನ ಅಧಿಕಾರಿಣಿ. ಇಬ್ಬರದೂ ಅಲ್ಲದ ಭಾಷೆಯಲ್ಲಿ ತಡವರಿಸುತ್ತ ಮಾತಾಡಿದರು. ಆಸ್ಪತ್ರೆಯ ಹೆಸರು ಸಮೇತ ದಾಳಿಗೆ ಮೂರು ದಿನ ಮುಂಚೆಯೇ ಎಚ್ಚರಿಕೆ ಕಳಿಸಿದ್ದೆವು, ನಿಮ್ಮವರು "ನಾವಿದ್ದೇವೆ" ಎಂದು ತಕ್ಷಣ ಉತ್ತರಿಸಿದ್ದರು ಎಂದಳು ಆಕೆ. ಮತ್ತೆ ಯಾಕೆ ಕೇಳುತ್ತಿದ್ದೀರಿ ಎಂಬ ಗೊಂದಲ ಅವಳ ದನಿಯಲ್ಲಿತ್ತು.

ಇಲ್ಲಿಯ ಸಂಪರ್ಕ ಮೇಜು ಸಚಿವಾಲಯದ ಮೂರನೆಯ ಮಹಡಿಯಲ್ಲಿತ್ತು. ಮೇಜಿನ ಮೇಲೆ ಐದು ಪುಟ್ಟ ಬಾವುಟ. ಗೋಡೆಯ ಮೇಲೆ, ಐದೂ ದೇಶಗಳಲ್ಲಿ ಅತಿ ಶೀಘ್ರ ಸ್ಪಂದನೆಗೆ ಕಳೆದ ಶೃಂಗಸಭೆಯಲ್ಲಿ ಕೊಟ್ಟ ಫಲಕ. ಸಂಪರ್ಕಾಧಿಕಾರಿ ಸಭ್ಯ ಮನುಷ್ಯ. ತಾನೇ ಎದ್ದು ಕುರ್ಚಿ ಎಳೆದುಕೊಟ್ಟ.

"ಎಚ್ಚರಿಕೆ ಬಂದಿತ್ತಾ?"

"ಇಲ್ಲ. ಸಚಿವಾಲಯಕ್ಕೆ ಬರೆದು ಕೊಟ್ಟಿದೀನಲ್ಲ."

"ಬಂದದ್ದಕ್ಕೆಲ್ಲ ಉತ್ತರ ಬರೆಯೋದು ಯಾರು?"

"ನಾನೇ."

"ಸ್ವಲ್ಪ ಕೈ ಎರಡೂ ಮಡಿಲಲ್ಲಿಟ್ಕೊಳ್ಳಿ."

ಲಿಫ್ಟ್ ನಡೆಸುವವನನ್ನೂ ಕ್ಯಾಂಟೀನಿನವನನ್ನೂ ಪಂಚರಾಗಿ ನಿಲ್ಲಿಸಿಕೊಂಡು ಇನ್ಸ್‌ಪೆಕ್ಟರ್ ಗಡಿಯಾಚೆಗೆ ಫೋನ್ ಮಾಡಿ, ಒಂದು ಸಂದೇಶ ಕಳಿಸಲು ಹೇಳಿದರು. ತೆರೆಯ ಮೇಲೆ ಅಧಿಕಾರಿಣಿಯ ಸಂದೇಶ ಮೂಡಿತು: ನಿಮ್ಮ ಕಟ್ಟಡಕ್ಕೆ ಬೆಂಕಿ ಬಿದ್ದಿದೆ. ಯಾರೂ ಏನನ್ನೂ ಮುಟ್ಟಲಿಲ್ಲ. ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ ಹೋಗಿತ್ತು: ನಾವಿದ್ದೇವೆ, ಎಲ್ಲ ಕ್ಷೇಮ.

ಕ್ಯಾಂಟೀನಿನವನು ತನಗರಿಯದೆ ಕಿಟಕಿಯತ್ತ ತಿರುಗಿ ಹೊಗೆ ಇದೆಯೇ ಎಂದು ನೋಡಿದ. ಜೊತೆಗೆ ಬಂದಿದ್ದ ರೇಡಿಯೊ ಪಂಚನಾಮೆ ಬರೆಯತೊಡಗಿದ.

ಪಂಚನಾಮೆ ಮುಗಿಯುವಷ್ಟರಲ್ಲಿ ಸಂಪರ್ಕಾಧಿಕಾರಿ ಎಲ್ಲವನ್ನೂ ಒಪ್ಪಿಕೊಂಡ. ತಾನಾಗಿ ಉತ್ತರಿಸುವ ಏರ್ಪಾಡು ಮಾಡಿಟ್ಟು ವರ್ಷಗಳಾಗಿದ್ದವು. ಬರುತ್ತಿದ್ದದ್ದು ತಿಂಗಳ ಪರೀಕ್ಷಾ ಸಂದೇಶಗಳಷ್ಟೇ ಆದ್ದರಿಂದ ತೆರೆದು ಓದುವುದನ್ನೇ ಬಿಟ್ಟಿದ್ದ. ಆಸ್ಪತ್ರೆ ನಿಂತ ಸುದ್ದಿ ಕೇಳಿದ ಮೇಲೆ ಹುಡುಕಿ, ಎಚ್ಚರಿಕೆಯನ್ನು ಕಂಡು, ಅಳಿಸಿಹಾಕಿದ್ದ. ಬಂಧನದ ಕಾಗದಕ್ಕೆ ಅವನು ಸಹಿ ಹಾಕಿದಾಗ ಮಧ್ಯಾಹ್ನ ಮೂರೂವರೆ.

"ಯಾಕೆ ಹೀಗ್ಮಾಡಿದ್ರಿ?"

ಅವನು ಬಾವುಟಗಳನ್ನು ನೋಡುತ್ತ ಹೇಳಿದ. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಯಾವನೋ ಒಬ್ಬ ಇಲ್ಲಿಯ ಶಾಲಾಮಕ್ಕಳ ಫೋಟೊಗಳನ್ನು ಕದ್ದು ಹರಡುತ್ತಿದ್ದನಂತೆ. ನಾಲ್ಕೂ ದೇಶಗಳಿಗೆ ಬರೆದ. ನಾಲ್ಕೂ ಕಡೆಯಿಂದ "ನಾವಿದ್ದೇವೆ" ಎಂದು ಬಂತು. ವಾರವಾರವೂ ಬರೆದ, ವಾರವಾರವೂ ಅದೇ ಬಂತು. ಕೊನೆಗೆ ಮೇಲಿನವರು ಕರೆದು, ಶೃಂಗಸಭೆ ಹತ್ತಿರ ಬಂತು, ಸ್ನೇಹಿತರಿಗೆ ಕಿರಿಕಿರಿ ಮಾಡಬೇಡ ಎಂದರು.

"ಇದ್ದೀವಿ ಅನ್ನೋದಷ್ಟೇ ಕೆಲಸ ಅಂತ ಆವತ್ತು ಅರ್ಥ ಆಯ್ತು ಸರ್. ಅಷ್ಟಕ್ಕೆ ಮನುಷ್ಯ ಯಾಕೆ ಬೇಕು?"

ಆಸ್ಪತ್ರೆಗೆ ನುಗ್ಗಿದವರ ಜಾಡು ಒಪ್ಪಂದದ ಇನ್ನೊಂದು ದೇಶದತ್ತ ಹೋಗಿತ್ತು. ಅವರ ವಿವರ ಕೋರಿ ಇನ್ಸ್‌ಪೆಕ್ಟರ್ ಸಂಜೆ ಅದೇ ಮೇಜಿನಿಂದ ವಿನಂತಿ ಕಳಿಸಿದರು. ಕುರ್ಚಿಗೆ ಒರಗುವುದರೊಳಗೆ ಉತ್ತರ ಬಂತು. ಎಷ್ಟು ಬೇಗ ಬಂತು ನೋಡಿ ಎಂದು ಹೇಳಹೊರಟ ರೇಡಿಯೊ, ತೆರೆಯ ಮೇಲಿದ್ದದ್ದನ್ನು ಓದಿದ: ನಾವಿದ್ದೇವೆ.

ಮರುದಿನ ಇನ್ಸ್‌ಪೆಕ್ಟರ್ ದರ್ಜಿಯ ಮನೆಗೆ ಹೋದರು. ಅವಳು ಹೊಲಿಗೆ ಯಂತ್ರದ ಮುಂದಿನಿಂದ ಏಳಲಿಲ್ಲ, ಕಾಲು ಮಾತ್ರ ನಿಲ್ಲಿಸಿದಳು. ಅವರು ಏನನ್ನೂ ಮುಚ್ಚಿಡದೆ ಹೇಳಿದರು. ಪಕ್ಕದ ದೇಶದವರು ಹೇಳಿದ್ದರು, ಇಲ್ಲಿ ಯಾರೂ ಕೇಳಿಸಿಕೊಳ್ಳಲಿಲ್ಲ ಎಂದರು.

"ಅವನ ಮೇಜಲ್ಲಿ ಈಗ ಯಾರು ಕೂತಿದಾರೆ?" ಎಂದಳು.

"ಯಾರೂ ಇಲ್ಲಮ್ಮ. ಮುಂದಿನ ವಾರ ಶೃಂಗಸಭೆ. ಅಲ್ಲೀವರೆಗೂ ಆ ಕಂಪ್ಯೂಟರ್ ಆಫ್ ಮಾಡ್ಬೇಡಿ ಅಂತ ಮೇಲಿಂದ ಹೇಳಿದಾರೆ."

"ಅಂದ್ರೆ ಉತ್ತರ ಹೋಗ್ತಾನೇ ಇದೆ."

"ಹೋಗ್ತಾನೇ ಇದೆ."

ಅವಳು ತಲೆಯಾಡಿಸಿ ಸೂಜಿಗೆ ದಾರ ಪೋಣಿಸತೊಡಗಿದಳು. ದಾರ ಎರಡು ಸಲ ತಪ್ಪಿತು, ಮೂರನೆಯ ಸಲ ಒಳಗೆ ಹೋಯಿತು. ಕೊಟ್ಟ ಮಾತಿನಂತೆ ಹೇಳಿಯಾಗಿತ್ತು. ಇನ್ಸ್‌ಪೆಕ್ಟರ್ ಟೋಪಿ ಎತ್ತಿಕೊಂಡು ಮೆಟ್ಟಿಲಿಳಿದರು.