ಎತ್ತಿನ ಗಂಟೆಯ ಕಾವಲು

ಮಂಗಳವಾರ ಮಧ್ಯಾಹ್ನ ಒಂದೂ ನಲವತ್ತಕ್ಕೆ ಹುಲಗೇಶ ತಾನೇ ಹಾಕಿದ್ದ ಬೆಸುಗೆ ಕೊಯ್ದು ಜನರೇಟರ್ ಕದ್ದ.

ಜನರೇಟರ್ ಇದ್ದದ್ದು ಧಾರವಾಡದ ಸುಶ್ರುತನ ಟ್ರೇಲರಿನಲ್ಲಿ. ಕಾರಿನ ಹಿಂದೆ ಎಳೆದುಕೊಂಡು ಊರೂರು ತಿರುಗುವ ಪುಟ್ಟ ಮನೆ ಅದು. ಅದರ ಸಾಮಾನಿಗೆ ಕಾವಲು ಕಟ್ಟಿಕೊಟ್ಟವನು ಹುಬ್ಬಳ್ಳಿ ಗೋಕುಲ ರಸ್ತೆಯ ವೆಲ್ಡರ್ ಹುಲಗೇಶ. ಬೋಲ್ಟಿನ ತಲೆಯ ಕುಳಿಗೆ ಬೇರಿಂಗಿನ ಗುಂಡು ಬಡಿದು ಬಿಚ್ಚುವ ಪಾನಾ ಕೂರದಂತೆ ಮಾಡಿದ್ದು, ಜನರೇಟರ್ ಪೆಟ್ಟಿಗೆಯ ಮುಚ್ಚಳ ಎತ್ತಿದರೆ ಸದ್ದಾಗುವಂತೆ ಒಳಗೆ ಎತ್ತಿನ ಗಂಟೆ ತೂಗುಬಿಟ್ಟದ್ದು, ಎಲ್ಲ ಅವನ ತಲೆಯೇ. ಕೊನೆಗೆ ಪ್ರತಿ ಬೆಸುಗೆಗೂ ಕೆಂಪು ಪ್ರೈಮರ್ ಬಳಿದೇ ಎದ್ದಿದ್ದ.

ಸುಶ್ರುತ ವಿಡಿಯೋ ಮಾಡಿ ಹಾಕಿದ: "ಮನ್ಯಾಗ ಕೂತು ನಾನ ಹುಡುಕಿದ ಉಪಾಯ ನೋಡ್ರಿ ಇವು." ಎರಡು ಲಕ್ಷ ಜನ ನೋಡಿದರು. ಹುಲಗೇಶ ಫೋನ್ ಮಾಡಿದ.

"ನನ್ನ ಹೆಸರ ಒಮ್ಮೆ ಅಂದಿದ್ರ ನಿಮ್ಮ ನಾಲಿಗಿ ಸವೀತಿತ್ತೇನ್ರಿ ಸರ?"

ಸುಶ್ರುತ ನಕ್ಕ. "ಅಡಗಿಯವನ ಹೆಸರು ಲಗ್ನಪತ್ರಿಕಿಯೊಳಗ ಹಾಕಸ್ತಾರೇನೋ ಹುಲಗೇಶ?"

ಹುಲಗೇಶನಿಗೆ ಜನರೇಟರ್ ಬೇಕಿರಲಿಲ್ಲ. ಆ ಉಪಾಯಗಳು ಸೋಲಬೇಕು, ಸುಶ್ರುತ ಮತ್ತೆ ತನ್ನನ್ನು ಕರೆಯಬೇಕು, ನಾಲ್ಕು ಜನರ ಮುಂದೆ ತನ್ನ ಹೆಸರು ಹೇಳಬೇಕು. ಅಷ್ಟೇ.

ಟ್ರೇಲರ್ ಅಮ್ಮಿನಬಾವಿ ಹಾದಿಯ ತೋಟದಲ್ಲಿ ನಿಂತಿತ್ತು. ತೋಟ ಕಾಯುವ ಶಿದ್ದಪ್ಪ ಒಂದಕ್ಕೆ ಊಟಕ್ಕೆ ಹೋದರೆ ಬರುವುದು ಮೂರಕ್ಕೆ. ಪೆಟ್ಟಿಗೆಗೆ ಒಂದು ಗುಪ್ತ ಚಿಲಕವಿತ್ತು. ಎಡಕ್ಕೆ ತಿರುವಿದರೆ ಸಾಕು. ಅದು ಗೊತ್ತಿದ್ದವರು ತಾನು ಮತ್ತು ಸುಶ್ರುತ ಇಬ್ಬರೇ, ಆದ್ದರಿಂದ ಹುಲಗೇಶ ಅದನ್ನು ಮುಟ್ಟಲಿಲ್ಲ. ಕೈಗವಸು ತೊಟ್ಟು, ಮುಚ್ಚಳದ ಕೀಲಿನ ಬೆಸುಗೆಯನ್ನು ಗರಗಸದಿಂದ ಬೇಕೆಂದೇ ಸೊಟ್ಟಗೆ, ಕಸುಬು ಗೊತ್ತಿಲ್ಲದವನಂತೆ ಕೊಯ್ದ. ಮುಚ್ಚಳ ಬೆರಳಷ್ಟು ಎತ್ತಿ ಗಂಟೆಯೊಳಗೆ ಬಟ್ಟೆ ತುರುಕಿದ. ವಿಡಿಯೋ ನೋಡಿದ ಯಾವ ಕಳ್ಳನಾದರೂ ಅಷ್ಟು ಮಾಡುತ್ತಿದ್ದ. ಜನರೇಟರನ್ನು ಬೈಕಿಗೆ ಬಿಗಿದು ಸಾಮಾನಿನ ಚೀಲ ಕಟ್ಟಿದ, ಒಮ್ಮೆ ತಿರುಗಿ ಎಲ್ಲ ಸರಿಯಿದೆಯೇ ಎಂದು ನೋಡಿದ. ಎರಡೂವರೆಗೆ ಜನರೇಟರ್ ಹೆಬ್ಬಳ್ಳಿ ಕಡೆಯ ಪಾಳುಬಾವಿಯ ತಳದಲ್ಲಿತ್ತು.

ಬುಧವಾರ ಬೆಳಿಗ್ಗೆ ಸುಶ್ರುತನ ಫೋನ್ ಬಂತು. "ಲಗೂ ಬಾರೋ ಹುಲಗೇಶ."

ತೋಟದಲ್ಲಿ ಹವಾಲ್ದಾರ ಚನ್ನಯ್ಯ ನಿಂತಿದ್ದರು, ಪಕ್ಕದಲ್ಲಿ ಶಿದ್ದಪ್ಪ, ಅಕ್ಕಪಕ್ಕದ ಹೊಲದ ನಾಲ್ಕಾರು ಜನ. ಸುಶ್ರುತ ಎಲ್ಲರಿಗೂ ಕೇಳುವಂತೆ ಹೇಳಿದ: "ಇದನ್ನೆಲ್ಲಾ ಕಟ್ಟಿದಾಂವ ಇವನ್ರಿ. ಹುಲಗೇಶ. ಖರೇ ಅಂದ್ರ ತಲೀನೂ ಇವಂದ, ಕೈನೂ ಇವಂದ."

ಹುಲಗೇಶನ ಎದೆ ಹಗುರಾಯಿತು.

ಚನ್ನಯ್ಯ ಬಗ್ಗಿ, ಕೊಯ್ದ ಕಬ್ಬಿಣದ ತುದಿಗೆ ಬೆರಳು ತಾಗಿಸಿದರು. "ಮೂವತ್ತು ವರ್ಷದಾಗ ಭಾಳ ಕಳ್ಳರನ್ನ ನೋಡೇನಿ. ತುಕ್ಕ ಹಿಡೀಬಾರದಂತ ಬಣ್ಣಾ ಹಚ್ಚಿ ಹೋದಾಂವನ್ನ ಇದ ಮೊದಲ." ಸೊಟ್ಟ ಕೊಯ್ತದ ಉದ್ದಕ್ಕೂ ಕೆಂಪು ಪ್ರೈಮರ್ ನೀಟಾಗಿ ಬಳಿದಿತ್ತು. ಹದಿನೆಂಟು ವರ್ಷದಲ್ಲಿ ಹುಲಗೇಶ ಬರಿಗಬ್ಬಿಣ ಬಿಟ್ಟು ಎದ್ದವನಲ್ಲ. ನಿನ್ನೆ ಯಾವಾಗ ಬಳಿದೆ ಎಂಬುದು ಅವನಿಗೆ ನೆನಪೇ ಇರಲಿಲ್ಲ. ಅವನ ಬೈಕಿನ ಚೀಲದಲ್ಲಿ ಪ್ರೈಮರ್ ಡಬ್ಬಿ ಸಿಕ್ಕಿತು, ಬ್ರಷ್ ಇನ್ನೂ ಮೆತ್ತಗಿತ್ತು. ಹನ್ನೊಂದೂವರೆಗೆ ಹುಲಗೇಶನೇ ತೋರಿಸಿದ ಪಾಳುಬಾವಿಗೆ ಹಗ್ಗ ಇಳಿಸಿದರು.