ಮೊದಲ ಪತ್ರ ತಲುಪಿತಾ?

"ನೀವಾ...?"

ಬಾಗಿಲು ತೆರೆದವಳ ಕೈ ಚಿಲಕದ ಮೇಲೇ ನಿಂತುಬಿಟ್ಟಿತು.

"ನಾನೇ," ಎಂದ ಅವನು. ಹೆಗಲಿಗೆ ಅದೇ ಹಳೆಯ ಲ್ಯಾಪ್‌ಟಾಪ್ ಚೀಲ. "ವೆಬ್‌ಸೈಟ್ ಕೆಟ್ಟಿದೆ ಅಂತ ನಮ್ಮ ಆಫೀಸಿಗೆ ಫೋನ್ ಮಾಡಿದ್ರಂತೆ. ಕಟ್ಟಿದ್ದು ನಾನೇ ಅಲ್ವಾ... ಅದಕ್ಕೆ ಬಂದೆ."

ಎರಡು ವರ್ಷ! ಎರಡು ವರ್ಷದ ಹಿಂದೆ ಇದೇ ಮನುಷ್ಯ ನಾಲ್ಕು ತಿಂಗಳು ಇವರ ಊಟದ ಮೇಜಿನ ಮುಂದೆ ಕೂತು ಅಪ್ಪನಿಗೆ ವೆಬ್‌ಸೈಟ್ ಮಾಡಿಕೊಟ್ಟಿದ್ದ. ಅವಳು ಹೇಳಿದ ಕಥೆಗಳನ್ನೆಲ್ಲ ತಲೆ ತಗ್ಗಿಸಿಕೊಂಡು ಕೇಳಿದ್ದ. ಕೆಲಸ ಮುಗಿದ ಮೇಲೆ ಒಂದು ಫೋನೂ ಇಲ್ಲ, ಒಂದು ಮಾತೂ ಇಲ್ಲ. ಕಾದು ಕಾದು ಅವಳ ಕಣ್ಣು ಸೋತಿತ್ತು.

'ಬಂದರೆ ಬರಲಿ, ನನಗೇನು!' ಎಂದುಕೊಂಡಳು. ಏನೂ ಇಲ್ಲದಿದ್ದರೆ ಎದೆ ಹಾಗೇಕೆ ಡವಗುಟ್ಟುತ್ತಿತ್ತು, ನೀವೇ ಹೇಳಿ.

"ಯಾರು ಪುಟ್ಟಿ?" ಒಳಗಿನಿಂದ ಅಪ್ಪನ ದನಿ. ಹಿಂದೆಯೇ ಅಪ್ಪನೂ ಬಂದರು, ಇಸ್ತ್ರಿ ಮಾಡಿದ ಅಂಗಿಯಲ್ಲಿ. "ಓಹೋಹೋ, ನಮ್ಮ ಮೌನಿ! ಬಾರಪ್ಪ ಬಾ. ದಾರಿ ಮರೆತುಹೋಗಿತ್ತೇನೋ ಅಂದ್ಕೊಂಡಿದ್ದೆ."

ಅಪ್ಪ ನಲವತ್ತು ವರ್ಷ ಗಡಿಯಾರ ರಿಪೇರಿ ಮಾಡಿದವರು. ಈಗ ಕೈ ನಡುಗುತ್ತದೆ, ಅಂಗಡಿ ಮುಚ್ಚಿದ್ದಾರೆ. ಗೊತ್ತಿದ್ದದ್ದನ್ನೆಲ್ಲ ಅವರು ಹೇಳಿದರು, ಮಗಳು ಬರೆದಳು, ಫೋಟೋ ತೆಗೆದು ವೆಬ್‌ಸೈಟಿಗೆ ಹಾಕಿದಳು. ಇವತ್ತು ಮಧ್ಯಾಹ್ನ ಮೂರಕ್ಕೆ ಗಡಿಯಾರ ರಿಪೇರಿ ಕಲಿಯುವ ಮೂವತ್ತು ಮಕ್ಕಳಿಗೆ ಕಂಪ್ಯೂಟರ್ ಮೂಲಕ ಅಪ್ಪನ ಪಾಠ. ಅಂಗಡಿ ಮುಚ್ಚಿದ ಮೇಲೆ ಯಾರಾದರೂ ಅಪ್ಪನನ್ನು 'ಬನ್ನಿ' ಎಂದು ಕರೆದದ್ದು ಇದೇ ಮೊದಲು. ಪಾಠದ ಚಿತ್ರಗಳೆಲ್ಲ ಇರುವುದು ವೆಬ್‌ಸೈಟಿನಲ್ಲಿ. ಅದನ್ನು ತೆರೆದರೆ ಬೆಳಗ್ಗೆಯಿಂದ ಬರೀ ಬಿಳಿ ಪುಟ, ಅದರಲ್ಲಿ ಒಂದೇ ಸಾಲು: '503. ಸೇವೆ ಸದ್ಯ ಲಭ್ಯವಿಲ್ಲ.'

"ನಾನೂ ಎಲ್ಲಾ ಮಾಡಿ ನೋಡ್ದೆ," ಎಂದಳು ಬಿಗುವಾಗಿ. "ಮೂರು ಸಲ ಆಫ್ ಮಾಡಿ ಆನ್ ಮಾಡ್ದೆ."

"ಏನನ್ನ?"

"ನಮ್ಮನೆ ಕಂಪ್ಯೂಟರನ್ನ!"

ಅವನು ತುಟಿ ಕಚ್ಚಿಕೊಂಡು ನಗು ತಡೆದ. "ತೊಂದ್ರೆ ಸರ್ವರ್‌ನಲ್ಲಿದೆ ರೀ. ವೆಬ್‌ಸೈಟ್ ಇಟ್ಟಿರೋ ಆ ಕಂಪ್ಯೂಟರ್ ಇಲ್ಲಿಲ್ಲ, ಬೇರೆಲ್ಲೋ ಇದೆ."

"ಅಷ್ಟು ನನಗೂ ಗೊತ್ತು," ಎಂದಳು. ಗೊತ್ತಿರಲಿಲ್ಲ ಬಿಡಿ.

ಅವನು ಅದೇ ಮೇಜಿನ ಮುಂದೆ, ಅದೇ ಕುರ್ಚಿಯಲ್ಲಿ ಕೂತ. ಸರ್ವರನ್ನು ಎಬ್ಬಿಸಿ ನೋಡಿದ. ಎದ್ದಂತೆ ಮಾಡಿ ಮತ್ತೆ ಬಿತ್ತು. ಇನ್ನೊಂದು ಸಲ... ಊಹೂಂ.

"ಡಿಸ್ಕ್ ತುಂಬಿಹೋಗಿದೆ. ಒಂದಿಷ್ಟೂ ಜಾಗ ಇಲ್ಲ. ಅದಕ್ಕೇ ಏಳ್ತಿಲ್ಲ."

"ಅಂಥದ್ದೇನು ತುಂಬಿದೆ?"

ಒಂದೊಂದೇ ಫೋಲ್ಡರ್ ತೆರೆದು ನೋಡುತ್ತ ಹೋದವನು ಒಂದರ ಮುಂದೆ ನಿಂತ. ಕೀಲಿಮಣೆಯ ಮೇಲಿನ ಕೈ ಹಾಗೇ ಉಳಿಯಿತು. ಮುಖದ ಬಣ್ಣವೇ ಇಳಿದುಹೋಯಿತು.

"ಏನಾಯ್ತು?"

"'ನಮಗೆ ಬರೆಯಿರಿ' ಅಂತ ಒಂದು ಪುಟ ಇದೆಯಲ್ಲ... ಅದರ ಫೋಲ್ಡರ್ ಇದು."

"ಅಯ್ಯೋ, ಅದಾ? ಎರಡು ವರ್ಷದಲ್ಲಿ ಒಂದೇ ಒಂದು ಪತ್ರ ಬಂದಿಲ್ಲ. ಮೊದಮೊದಲು ಅಪ್ಪ ದಿನಾ ಕೇಳೋರು, ಆಮೇಲೆ ಅವರೂ ಸುಮ್ಮನಾದ್ರು. ಏನೋ ಕಸ ಇರ್ಬೇಕು, ಅಳಿಸಿಹಾಕಿ!"

ಒಂದು ಬೆರಳು ಒತ್ತಿದ್ದರೆ ಸಾಕಿತ್ತು. ವೆಬ್‌ಸೈಟ್ ಏಳುತ್ತಿತ್ತು, ಅವನ ತಪ್ಪು ಯಾರಿಗೂ ಗೊತ್ತಾಗುತ್ತಿರಲಿಲ್ಲ.

"ಇಲ್ಲ," ಎಂದ. "ಮೊದಲು ಎಲ್ಲಾ ನನ್ನ ಲ್ಯಾಪ್‌ಟಾಪಿಗೆ ಕಾಪಿ ಮಾಡ್ಕೋತೀನಿ. ಆಮೇಲೆ ಅಳಿಸೋದು."

"ಎಷ್ಟೊತ್ತು ಬೇಕು?"

"ಒಂದೂವರೆ ಗಂಟೆ."

ಅವಳು ಗೋಡೆ ನೋಡಿದಳು. ಅಲ್ಲಿದ್ದ ಏಳು ಗಡಿಯಾರಗಳೂ ಒಂದೂ ಕಾಲು ಎನ್ನುತ್ತಿದ್ದವು.

"ನಿಮಗೆ ತಲೆ ನೆಟ್ಟಗಿದೆಯಾ? ಮೂರಕ್ಕೆ ಪಾಠ! ನಮ್ಮಪ್ಪ ಬೆಳಗ್ಗೆ ಒಂಬತ್ತಕ್ಕೇ ರೆಡಿಯಾಗಿ ಕೂತಿದಾರೆ. ಕಸಕ್ಕೋಸ್ಕರ ಅವರನ್ನ ಕಾಯಿಸ್ತೀರಾ?" ಬಾಗಿಲ ಕಡೆ ಕೈ ತೋರಿಸಿದಳು. "ಆದ್ರೂ ನಿಮಗೇನಂತೆ! ಹೇಳದೆ ಕೇಳದೆ ಎದ್ದು ಹೋಗಿ ಅಭ್ಯಾಸ ಇದೆಯಲ್ಲ!"

ಅವನು ತಲೆ ಎತ್ತಲಿಲ್ಲ. "ಕಸ ಅಲ್ಲ ಅದು. ಪಾಠ ಶುರುವಾಗ್ಲಿ, ಎಲ್ಲಾ ಹೇಳ್ತೀನಿ. ಈ ಸಲ ಎದ್ದು ಹೋಗಲ್ಲ."

'ಈ ಸಲ...' ಆ ಎರಡು ಪದ ಅವಳ ಕಿವಿಯಲ್ಲೇ ಉಳಿದವು.

ಎರಡು ಮುಕ್ಕಾಲಾಯಿತು. ಎರಡು ಐವತ್ತು. ಅಪ್ಪ ಒಳಕೋಣೆಯ ಕಂಪ್ಯೂಟರ್ ಮುಂದೆ ಕೂತು ಮೂರನೇ ಸಲ ಗಂಟಲು ಸರಿಮಾಡಿಕೊಂಡರು. ಎರಡು ಐವತ್ತಮೂರಕ್ಕೆ ಅವನು ಅಳಿಸಿದ, ಸರ್ವರನ್ನು ಎಬ್ಬಿಸಿದ. ಬಿಳಿ ಪುಟ ಒಮ್ಮೆ ಮಿಟುಕಿತು... ಅಪ್ಪನ ಗಡಿಯಾರಗಳು ಒಂದೊಂದಾಗಿ ಮೂಡಿದವು!

"ಬಂತು ಅಪ್ಪಾ, ಬಂತು!"

ಮೂರಕ್ಕೆ ಸರಿಯಾಗಿ ಒಳಗಿನಿಂದ ಕೇಳಿಸಿತು: "ನೋಡಿ ಮಕ್ಕಳೇ, ಗಡಿಯಾರ ನಿಂತ್ರೆ ಅದನ್ನ ಬೈಬೇಡಿ. ಯಾಕೆ ನಿಂತಿದೆ ಅಂತ ಅದನ್ನೇ ಕೇಳಿ."

ಅವಳು ಉಸಿರು ಬಿಟ್ಟು ಎದುರಿನ ಕುರ್ಚಿಯಲ್ಲಿ ಕೂತಳು. "ಈಗ ಹೇಳಿ."

"ತಪ್ಪು ನನ್ನದು," ಎಂದ. "ಆ ಪುಟ ಕಟ್ಟುವಾಗ ಅದನ್ನ ಟೆಸ್ಟ್ ಮೋಡ್‌ನಲ್ಲಿ ಇಟ್ಟಿದ್ದೆ. ಅಂದ್ರೆ ಪತ್ರಗಳನ್ನ ನಿಮಗೆ ಕಳಿಸದೆ ಫೋಲ್ಡರ್‌ನಲ್ಲಿ ಕೂಡಿಡುತ್ತೆ. ಕೆಲಸ ಮುಗಿದ ಮೇಲೆ ಅದನ್ನ ತೆಗೀಬೇಕಿತ್ತು. ಮರೆತೆ."

"ಅಂದ್ರೆ... ಪತ್ರ ಬಂದಿದ್ವಾ?"

"ನಾನ್ನೂರ ಹನ್ನೆರಡು. ಒಬ್ಬೊಬ್ಬರೂ ಫೋಟೋ, ವಿಡಿಯೋ ಬೇರೆ ಕಳಿಸಿದಾರೆ."

ಅವಳು ಲ್ಯಾಪ್‌ಟಾಪನ್ನು ತನ್ನ ಕಡೆ ಎಳೆದುಕೊಂಡಳು. ವೆಬ್‌ಸೈಟ್ ನೋಡಿ ಸರಿಮಾಡಿದ ತನ್ನ ಅಜ್ಜಿಯ ಗೋಡೆ ಗಡಿಯಾರ ಮತ್ತೆ ಹೊಡೆಯಿತೆಂದು ಒಬ್ಬ ನರ್ಸ್ ವಿಡಿಯೋ ಕಳಿಸಿದ್ದಳು. 'ನಿಮ್ಮನ್ನು ಗುರುಗಳೇ ಅನ್ನಬಹುದಾ?' ಎಂದು ಒಬ್ಬ ಬಸ್ ಡ್ರೈವರ್ ಕೇಳಿದ್ದ. ಅವಳ ಕಣ್ಣು ತುಂಬಿಬಂತು. ಅಪ್ಪನಿಗೆ ಇದನ್ನೆಲ್ಲ ಓದಿ ಹೇಳಬೇಕು... ರಾತ್ರಿಯೊಳಗೆ ಮುಗಿಯುತ್ತದೋ ಇಲ್ಲವೋ!

"ಇದನ್ನ ಅಳಿಸಿ ಅಂದಿದ್ದೆನಲ್ಲ ನಾನು!"

"ದಿನಾಂಕದ ಪ್ರಕಾರ ಜೋಡಿಸಿದೀನಿ," ಎಂದ ಅವನು ಮೇಜಿನ ಅಂಚು ಸವರುತ್ತ. "ಮೊದಲನೇದು... ನನ್ನದು. ಇಷ್ಟ ಇಲ್ಲದಿದ್ರೆ ಓದ್ಬೇಡಿ."

ಅವಳು ಅದನ್ನು ಆಗಲೇ ತೆರೆದಿದ್ದಳು.

'ಎದುರಿಗೆ ನಿಂತರೆ ನನಗೆ ಮಾತು ಬರುವುದಿಲ್ಲ. ಅದಕ್ಕೇ ನಾನು ಕಟ್ಟಿದ ಪುಟದಲ್ಲೇ ಬರೆಯುತ್ತಿದ್ದೇನೆ. ನಿಮ್ಮ ಮಾತು ಕೇಳುತ್ತ ಇರಬೇಕೆಂದು ಎರಡು ತಿಂಗಳ ಕೆಲಸವನ್ನು ನಾಲ್ಕು ತಿಂಗಳು ಎಳೆದೆ. ನನಗೆ ನೀವು ಬೇಕು. ಉತ್ತರ ಬರದಿದ್ದರೆ ಇಷ್ಟವಿಲ್ಲ ಎಂದುಕೊಂಡು ಮತ್ತೆ ನಿಮ್ಮನ್ನು ಕಾಡುವುದಿಲ್ಲ. ತಲುಪಿತಾ?'

ಅಕ್ಷರಗಳು ಮಂಜಾದವು. ಬೇಡವೆಂದು ಹೋದವನಲ್ಲ ಅವನು. ತನ್ನ ಕೈಯಾರೆ ಮಾಡಿದ ತಪ್ಪಿನಿಂದ ಉತ್ತರವಿಲ್ಲದೆ ಕಾದು, ಸೋತು ಹೋದವನು.

"ಬಾಯಿಬಿಟ್ಟು ಒಂದು ಮಾತು ಹೇಳೋಕೆ ಏನಾಗಿತ್ತು ರೀ?" ಎಂದಳು, ಕಣ್ಣೀರಿನಲ್ಲೇ ಸಿಟ್ಟು ಮಾಡುತ್ತ.

"ನೀವು ಮಾತು ನಿಲ್ಸಿದ್ರೆ ತಾನೇ!"

ಅವಳಿಗೆ ನಗು ತಡೆಯಲಾಗಲಿಲ್ಲ. "ಆ ಟೆಸ್ಟ್ ಮೋಡ್ ಈಗ ತೆಗೆದ್ರಾ?"

"ತೆಗೆದೆ."

"ಹಾಗಿದ್ರೆ ಸರಿಯಾಗಿದೆಯಾ ಅಂತ ನೋಡ್ಬೇಕಲ್ಲ," ಎನ್ನುತ್ತ 'ನಮಗೆ ಬರೆಯಿರಿ' ತೆರೆದು, ಅವನಿಗೆ ಕಾಣದಂತೆ ಕೈ ಅಡ್ಡ ಹಿಡಿದು, ಟಪಟಪನೆ ಏನೋ ಬರೆದು ಕಳಿಸಿದಳು.

ಒಳಕೋಣೆಯಲ್ಲಿ 'ಟಿಂಗ್' ಎಂದಿತು.

ಇಬ್ಬರೂ ಮುಖ ಮುಖ ನೋಡಿಕೊಂಡರು. ಆ ಪುಟದ ಪತ್ರಗಳು ಬರುವುದು ಮನೆಯ ಕಂಪ್ಯೂಟರಿಗೆ; ದಿನಾ ತೆರೆದು ನೋಡುವವಳು ಅವಳು, ಇವತ್ತು ಅದರ ಮುಂದೆ ಕೂತವರು ಅಪ್ಪ!

"ಅಪ್ಪಾ, ಬೇಡ...!"

"ಒಂದು ನಿಮಿಷ ಮಕ್ಕಳೇ," ಅಪ್ಪನ ದನಿ ಸಂಭ್ರಮದಿಂದ ಏರಿತ್ತು. "ನನಗೆ ಮೊಟ್ಟಮೊದಲ ಪತ್ರ ಬಂದಿದೆ! ಓದ್ತೀನಿ ಕೇಳಿ. 'ನಿಮ್ಮ ಪತ್ರ ಇವತ್ತು ಕೈಸೇರಿತು. ಎರಡು ವರ್ಷದಿಂದ ನಾನೂ ನಿಮ್ಮ ದಾರಿ ಕಾಯ್ತಿದ್ದೆ. ನನಗೂ ನೀವೇ ಬೇಕು. ಇನ್ನು ಎಲ್ಲಿಗೂ ಹೋಗ್ಬೇಡಿ...' ಹಾಂ? ಇದು ಯಾವ ಗಡಿಯಾರದ ವಿಷಯ?"

ಮೂವತ್ತು ಮಕ್ಕಳ ನಗು, ಚಪ್ಪಾಳೆ. ಅದನ್ನೂ ಮೀರಿಸಿ ಅಪ್ಪನ ಕೂಗು: "ಪುಟ್ಟೀ! ಅಂತೂ ನಮ್ಮ ಮೌನಿ ಬಾಯಿಬಿಟ್ಟನಾ?"

ಅವಳು ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಅವನು ಕುರ್ಚಿ ಎಳೆದುಕೊಂಡು ಪಕ್ಕಕ್ಕೆ ಬಂದು, ಮೆಲ್ಲಗೆ ಒಂದು ಕೈ ಬಿಡಿಸಿ ಹಿಡಿದುಕೊಂಡ.

"ತಲುಪಿತಾ?" ಕೇಳಿದಳು, ಕಣ್ಣು ತೆರೆಯದೆ.

"ತಲುಪಿತು," ಎಂದ. "ನನಗೂ, ಇನ್ನೂ ಮೂವತ್ತು ಜನಕ್ಕೂ."