ಒಂದೇ ಕಾಡತೂಸಿನ ಮನೆ

ಜೂನ್ ಹದಿನಾರು, ಸೋಮವಾರ, ಅಲ್ಲಿನ ಚಳಿಗಾಲ. ಬೆಳಿಗ್ಗೆ ಆರು ನಲವತ್ತಕ್ಕೆ ಓಕಾಂಡೆರಾ ಪೊಲೀಸ್ ಠಾಣೆಗೆ ಫೋನ್ ಬಂತು. ಕರೆ ಮಾಡಿದವರು ಗುಡ್ಡದಾಚೆಯ ಬೇಟೆ ಫಾರ್ಮಿನ ಮಾಲೀಕ, ಎಪ್ಪತ್ತನಾಲ್ಕು ವರ್ಷದ ಹೆಲ್ಮುಟ್ ಫ್ರೆರಿಕ್ಸ್. ತಮ್ಮ ಜಾಡುಗಾರ ಅಬ್ನೆರ್ ತ್ಸುಸೆಬ್ ಉತ್ತರದ ಬೇಲಿಯ ಬಳಿ ಗುಂಡು ತಗುಲಿ ಸತ್ತು ಬಿದ್ದಿದ್ದಾನೆ, ಕಳ್ಳಬೇಟೆಯವರ ಕೆಲಸವಿರಬೇಕು ಎಂದಷ್ಟೇ ಹೇಳಿ ಅವರು ಫೋನಿಟ್ಟರು.

ಇನ್‌ಸ್ಪೆಕ್ಟರ್ ಹಿಲ್ಯಾ ಅಮುಟೆನ್ಯ ಪ್ರಕರಣ ದಾಖಲಿಸಿಕೊಂಡು, ಸಾರ್ಜೆಂಟ್ ಗವಾಸೆಬ್ ಮತ್ತು ಒಬ್ಬ ಕಾನ್‌ಸ್ಟೆಬಲ್‌ನನ್ನು ಕರೆದುಕೊಂಡು ಹೊರಟರು. ಪೊಲೀಸ್ ಕೆಲಸಕ್ಕೆ ಸೇರುವ ಮೊದಲು ಹಿಲ್ಯಾ ರಾಜಧಾನಿ ವಿಂಡ್‌ಹೂಕ್‌ನಲ್ಲಿ ಭೌತಶಾಸ್ತ್ರ ಓದಿದವರು. ಅಳೆಯದೆ ಯಾವುದನ್ನೂ ಬರೆದುಕೊಳ್ಳದ ಅಭ್ಯಾಸ ಅಲ್ಲಿಂದ ಬಂದದ್ದು.

ಅಬ್ನೆರ್ ಬೇಲಿಯಿಂದ ಸ್ವಲ್ಪ ದೂರದಲ್ಲಿ ಬೋರಲು ಬಿದ್ದಿದ್ದ. ಗುಂಡು ಎಡತೊಡೆಯನ್ನು ಹೊಕ್ಕು ಆಚೆ ಹೋಗಿತ್ತು. ತೊಡೆಗೆ ಅವನೇ ತನ್ನ ಸೊಂಟದ ಬೆಲ್ಟನ್ನು ಬಿಗಿದುಕೊಂಡಿದ್ದ. ಕಾಡುಹಂದಿ ತೋಡಿದ ಕಿಂಡಿಗೆ ಬೇಲಿಯ ಬುಡದಲ್ಲಿ ಮಂಡಿಯೂರಿ ಕಲ್ಲು ತುಂಬುತ್ತಿದ್ದಾಗ ಪೆಟ್ಟು ಬಿದ್ದಿತ್ತು. ಅಲ್ಲಿಂದ ಮನೆಯ ದಿಕ್ಕಿಗೆ ಅವನು ತೆವಳಿದ ಗುರುತು ಮರಳಿನ ಮೇಲೆ ಕಪ್ಪಾಗಿ ಒಣಗಿತ್ತು. ಭಾನುವಾರ ಸಂಜೆ ಆದದ್ದು, ಒಂದು ಗಂಟೆಯೊಳಗೆ ಯಾರಾದರೂ ಬಂದಿದ್ದರೆ ಬದುಕುತ್ತಿದ್ದ ಎಂದು ವೈದ್ಯರು ಆಮೇಲೆ ಹೇಳಿದರು.

ಬೇಲಿಗೆ ಎದುರಾಗಿ, ನೂರೆಂಬತ್ತು ಮೀಟರ್ ದೂರದಲ್ಲಿ ಕಲ್ಲಿನ ದಿಬ್ಬವಿತ್ತು. ಕಲ್ಲುನೆಲದಲ್ಲಿ ಹೆಜ್ಜೆ ಮೂಡಿರಲಿಲ್ಲ. ಬಂಡೆಯ ಸಂದಿನ ಒಣಹುಲ್ಲಿನಲ್ಲಿ ಸಾರ್ಜೆಂಟನಿಗೆ ಒಂದು ಖಾಲಿ ಕಾಡತೂಸು ಸಿಕ್ಕಿತು. ತಳದಲ್ಲಿ 308 ಎಂಬ ಅಚ್ಚು.

ಸಾರ್ಜೆಂಟ್ ಗವಾಸೆಬ್ ಮುಗುಳ್ನಕ್ಕ. “ಮೇಡಂ, ಕೇಸ್ ಮುಗೀತು. ಈ ಸುತ್ತಿನಲ್ಲಿ ತ್ರೀ-ಓ-ಎಯ್ಟ್ ಇಟ್ಕೊಂಡಿರೋನು ಒಬ್ಬನೇ.”

ಆ ಒಬ್ಬ ಬೇಲಿಯಾಚೆಯ ದನಗಾರ, ಮೂವತ್ತೈದರ ಉಸಿಯೆಲ್ ಕಾಂಡೊರೊಜು. ಬೇಲಿಯ ಅದೇ ಕಿಂಡಿಯಲ್ಲಿ ನುಗ್ಗಿ ಬಂದ ಅವನ ಎರಡು ನಾಯಿಗಳನ್ನು ಅಬ್ನೆರ್ ಕಳೆದ ತಿಂಗಳು ಹೊಡೆದುಹಾಕಿದ್ದ. ಇಬ್ಬರಿಗೂ ಮಾತಿರಲಿಲ್ಲ. ಪಂಚನಾಮೆ ಮುಗಿಸಿ ಮಧ್ಯಾಹ್ನದ ಹೊತ್ತಿಗೆ ಉಸಿಯೆಲ್‌ನನ್ನು ಠಾಣೆಗೆ ತಂದು ಕೂರಿಸಿದರು. ಕಾನೂನಿನ ಪ್ರಕಾರ ಬುಧವಾರ ಮಧ್ಯಾಹ್ನದೊಳಗೆ ಅವನನ್ನು ನ್ಯಾಯಾಲಯಕ್ಕೆ ಒಪ್ಪಿಸಬೇಕು, ಇಲ್ಲವೇ ಬಿಡಬೇಕು. ಪ್ರಯೋಗಾಲಯದ ವರದಿಗೆ ವಾರಗಳೇ ಬೇಕಾಗಿತ್ತು.

“ನಿನ್ನೆ ಸಂಜೆ ಎಲ್ಲಿದ್ದೆ?” ಹಿಲ್ಯಾ ಕೇಳಿದರು.

“ಬೋರ್‌ವೆಲ್ ಹತ್ರ. ಪಂಪಿನ ಎಂಜಿನ್ ಬಿಚ್ಕೊಂಡು ಕೂತಿದ್ದೆ.”

“ನೋಡಿದವರು?”

“ನೂರಾ ಇಪ್ಪತ್ತು ದನ. ಕರೆಸ್ತೀರಾ?”

“ಬಾಯಿಗೇನೂ ಕಮ್ಮಿಯಿಲ್ಲ,” ಎಂದ ಸಾರ್ಜೆಂಟ್.

“ಈ ಕಾಡತೂಸು ನಿಂದಾ?” ಹಿಲ್ಯಾ ಸಾಕ್ಷ್ಯದ ಚೀಲವನ್ನು ಮುಂದಿಟ್ಟರು.

ಉಸಿಯೆಲ್ ಚೀಲದೊಳಗಿನ ಹಿತ್ತಾಳೆಯನ್ನು ನೋಡಿದ. “ನಂದೇ ಇರ್ಬೇಕು. ಈ ಕಡೆ ಇದನ್ನ ಬೇರೆ ಯಾರೂ ಕೊಳ್ಳಲ್ಲ. ಊಮ್ ಹೆಲ್ಮುಟ್ ಬೈತಾರೆ ಅಂತ ಅಂಗಡಿಯವನೇ ಮುಚ್ಚಿಟ್ಟು ಮಾರ್ತಾನೆ. ಆದ್ರೆ ನಾನು ಹೊಡೆದಿಲ್ಲ.” ಸುತ್ತಲಿನವರೆಲ್ಲ ಫ್ರೆರಿಕ್ಸ್ ಅವರನ್ನು ಊಮ್, ಅಂದರೆ ದೊಡ್ಡಪ್ಪ, ಎಂದೇ ಕರೆಯುತ್ತಿದ್ದರು.

ಅವನ ತಾಯಿ ಮಧ್ಯಾಹ್ನವೇ ಬಂದಿದ್ದಳು. ನೆಲ ಗುಡಿಸುವ ಉದ್ದನೆಯ ನಿಲುವಂಗಿ, ದನದ ಕೊಂಬಿನಂತೆ ಎರಡೂ ಕಡೆ ಚಾಚಿದ ತಲೆಬಟ್ಟೆ. ಮಗನಿಗೆಂದು ತಂದ ಹುಳಿಹಾಲಿನ ಬಾಟಲಿಯನ್ನು ಮಡಿಲಲ್ಲಿಟ್ಟುಕೊಂಡು ಬೆಂಚಿನ ಮೇಲೆ ಕೂತವಳು ಸಂಜೆಯಾದರೂ ಏಳಲಿಲ್ಲ. ಹಿಲ್ಯಾ ಅವಳ ಪಕ್ಕ ಕೂತರು.

“ಮಗಳೇ, ನನ್ನ ಮಗ ಕೊಂದಿದ್ರೆ ಇಟ್ಕೋ,” ಎಂದಳು ಅವಳು. “ಕೊಂದಿಲ್ಲ ಅಂದ್ರೆ ಬುಧವಾರದೊಳಗೆ ಕೊಡು. ಎಂಜಿನ್ ಚೂರುಚೂರಾಗಿ ಗೋಣಿ ಮೇಲೆ ಬಿದ್ದಿದೆ, ಅವನ ಹೊರತು ಯಾರಿಗೂ ಜೋಡಿಸೋಕೆ ಬರಲ್ಲ. ದನದ ತೊಟ್ಟಿ ನೀರು ಅಲ್ಲಿ ತನಕ ಮಾತ್ರ.”

ಹಿಲ್ಯಾ ಭರವಸೆ ಕೊಡಲಿಲ್ಲ. ಬಾಟಲಿಯನ್ನು ಒಳಗೆ ತಲುಪಿಸಲು ಕಾನ್‌ಸ್ಟೆಬಲ್‌ಗೆ ಹೇಳಿದರು.

ಮಂಗಳವಾರ ಬೆಳಿಗ್ಗೆ ಅವರು ಖಾಲಿ ಕಾಡತೂಸನ್ನು ಮೇಜಿನ ಮೇಲೆ ನಿಲ್ಲಿಸಿ, ಉಸಿಯೆಲ್‌ನ ಮನೆಯಿಂದ ವಶಪಡಿಸಿಕೊಂಡಿದ್ದ ಬೇರೊಂದು ಖಾಲಿ ಕಾಡತೂಸನ್ನು ಅದರ ಪಕ್ಕದಲ್ಲಿಟ್ಟರು. ಕಾಡತೂಸೆಂದರೆ ಸಣ್ಣ ಸೀಸೆಯ ಹಾಗೆ: ಅಗಲವಾದ ಮೈ, ಇಳಿಜಾರಾದ ಭುಜ, ಗುಂಡನ್ನು ಹಿಡಿದಿರುವ ಕಿರಿದಾದ ಕತ್ತು. ಮನೆಯದಕ್ಕೆ ಮೂರೂ ಇದ್ದವು. ದಿಬ್ಬದಲ್ಲಿ ಸಿಕ್ಕಿದ್ದಕ್ಕೆ ಭುಜವೂ ಇರಲಿಲ್ಲ, ಕತ್ತೂ ಇರಲಿಲ್ಲ. ತಳದಿಂದ ಬಾಯಿಯವರೆಗೆ ಲೋಟದಂತೆ ಉಬ್ಬಿಕೊಂಡು, ತುದಿಯಲ್ಲಿ ಮಾತ್ರ ಒಂದಿಷ್ಟು ಒಳಕ್ಕೆ ಬಾಗಿತ್ತು.

“ದನ ತುಳಿದಿರ್ಬೇಕು ಮೇಡಂ,” ಎಂದ ಸಾರ್ಜೆಂಟ್.

“ತುಳಿದ್ರೆ ಒಂದು ಕಡೆ ಚಪ್ಪಟೆ ಆಗುತ್ತೆ. ಇದು ಸುತ್ತಲೂ ಒಂದೇ ಸಮ ಉಬ್ಬಿದೆ. ಒಳಗಿನಿಂದ ಉಬ್ಬಿದ್ದು.”

ಬೆರಳಚ್ಚು ತೆಗೆಯುವ ಪ್ರಯತ್ನ ಆಗಲೇ ಮುಗಿದಿತ್ತು, ಏನೂ ಸಿಕ್ಕಿರಲಿಲ್ಲ. ಹಿಲ್ಯಾ ಉಸಿಯೆಲ್‌ನ ರೈಫಲ್ ತರಿಸಿದರು. ಗುಂಡು ಹಾರುವಾಗ ಹಿತ್ತಾಳೆ ಹಿಗ್ಗಿ, ರೈಫಲ್ಲಿನಲ್ಲಿ ತಾನು ಕೂತಿರುವ ಗೂಡಿನ ಆಕಾರವನ್ನೇ ತಾಳುತ್ತದೆ. ಹಾಗಾಗಿ ಒಂದು ರೈಫಲ್ಲಿನಿಂದ ಹಾರಿದ ಖಾಲಿ ಕಾಡತೂಸು ಅದೇ ರೈಫಲ್ಲಿನೊಳಕ್ಕೆ ಮತ್ತೆ ಹೋಗಲೇಬೇಕು. ಅವರು ಸಾಕ್ಷಿಗಳ ಎದುರು ಅದನ್ನು ಮೆಲ್ಲಗೆ ಒಳಕ್ಕೆ ಬಿಟ್ಟರು. ಅರ್ಧಕ್ಕೇ ನಿಂತಿತು. ಮನೆಯಿಂದ ತಂದದ್ದು ಸಲೀಸಾಗಿ ಕೂತಿತು.

“ಕಾಡತೂಸು ಇವನದು. ಬಂದೂಕು ಇವನದಲ್ಲ,” ಎಂದರು.

ಸಾರ್ಜೆಂಟ್ ರೈಫಲ್ಲಿನೊಳಕ್ಕೆ ಬಗ್ಗಿ ನೋಡಿದ. “ಹಂಗಾದ್ರೆ ಯಾವುದ್ರಿಂದ?”

“ತಳ ಇಷ್ಟೇ ಅಗಲ, ನಳಿಗೆ ಇಷ್ಟೇ ಅಗಲ, ಗೂಡು ಮಾತ್ರ ಉದ್ದ. ಥರ್ಟಿ-ಓ-ಸಿಕ್ಸ್. ಉದ್ದ ಕಾಡತೂಸಿನ ರೈಫಲ್ಲಿಗೆ ಯಾರೋ ಗಿಡ್ಡ ಕಾಡತೂಸು ಹಾಕಿದಾರೆ.”

“ಅಷ್ಟು ಕುರುಡ ಯಾರಿದ್ದಾನೆ ಮೇಡಂ? ಪಕ್ಕಪಕ್ಕ ಇಟ್ರೆ ಬೆರಳಗಲ ವ್ಯತ್ಯಾಸ.”

ಹಿಲ್ಯಾ ಉಸಿಯೆಲ್‌ನನ್ನು ಹೊರಗೆ ಕರೆಸಿದರು. ಅವನ ಕಾಡತೂಸುಗಳು ಯಾರ ಕೈಗಾದರೂ ಹೋಗಿದ್ದವೇ ಎಂದು ಕೇಳಿದರು.

ಉಸಿಯೆಲ್ ಯೋಚಿಸಿ ಹೇಳಿದ. ಶನಿವಾರ ಸುತ್ತಲಿನ ಫಾರ್ಮಿನವರೆಲ್ಲ ಸೇರಿ ಗುರಿ ಹೊಡೆಯುವ ದಿನ. ತನ್ನ ಗಾಡಿ ಕೆಟ್ಟು ನಿಂತಿತ್ತು. ಊಮ್ ಹೆಲ್ಮುಟ್ ತಮ್ಮ ಬಕ್ಕಿಯಲ್ಲಿ, ಅಂದರೆ ಹಿಂದೆ ತೆರೆದ ಪಿಕಪ್ ಗಾಡಿಯಲ್ಲಿ, ಕೂರಿಸಿಕೊಂಡು ಬಂದರು. ಹಾದಿಯುದ್ದಕ್ಕೂ ಅದೇ ಹಳೇ ಉಪದೇಶ, ಗುರಿ ಹೊಡೆಯುವಲ್ಲಿ ಎಲ್ಲರೆದುರು ಮತ್ತೆ ಅದೇ. ಉಸಿಯೆಲ್ ಮುದುಕರ ಗಡಸು ಗಂಟಲನ್ನೇ ತಂದುಕೊಂಡ: “‘ಸಣ್ಣ ಜಿಂಕೆಗೊಂದು, ದೊಡ್ಡ ಜಿಂಕೆ ಕುಡುಗೊಂದು, ಹೋರಿಯಷ್ಟು ದಪ್ಪ ಜಿಂಕೆ ಈಲ್ಯಾಂಡ್‌ಗೊಂದು ಅಂತ ಮೂರು ಬಂದೂಕು ಇಟ್ಕೊಂಡವನಿಗೆ ಒಂದೂ ಕೈಗೆ ಹತ್ತಲ್ಲ. ದೊಡ್ಡದು ತಗೊಂಡ್ರೆ ಜಿಂಕೆ ಮಾಂಸ ಚಿಂದಿ, ನಿನ್ನ ಭುಜವೂ ಚಿಂದಿ. ಗಿಡ್ಡದು ತಗೊಂಡ್ರೆ ದೂರದ ಈಲ್ಯಾಂಡ್ ಹೋರಿ ಮುಂದೆ ನಿಂತು ಬೇಡ್ಕೋಬೇಕು. ಥರ್ಟಿ-ಓ-ಸಿಕ್ಸ್, ನೂರೆಂಬತ್ತು ಗ್ರೇನ್ ತೂಕದ ಗುಂಡು. ಯಾವ ಹಳ್ಳಿ ಅಂಗಡೀಲೂ ಸಿಗುತ್ತೆ. ಒಂದು ಮನೆಗೆ ಒಂದು ಕಾಡತೂಸು ಸಾಕು.’ ನನ್ನದಕ್ಕೆ ಗಿಡ್ಡನ ಗಿಡ್ಡ ಕಾಡತೂಸು ಅಂದ್ರು. ಎಲ್ರೂ ನಕ್ಕರು.”

“ಆಮೇಲೆ?”

ಉಸಿಯೆಲ್ ತಲೆ ತಗ್ಗಿಸಿದ. “ನಂಗೂ ಕೋಪ ಬಂತು. ಎಲ್ಲರೆದುರಿಗೆ ಅಂದ್ಬಿಟ್ಟೆ: ಕಾಡತೂಸಿನ ಮಾತು ಬಿಡಿ ಊಮ್, ನೀವು ಈಗ ಬೇಟೆ ಆಡ್ತಿರೋದು ಅಬ್ನೆರನ ಕಣ್ಣಲ್ಲಿ. ಆಗ ಯಾರೂ ನಗಲಿಲ್ಲ.”

“ಕಾಡತೂಸು ಎಲ್ಲಿ ಬಿಟ್ಟೆ?”

“ಬಕ್ಕಿಯ ಮುಂದಿನ ಗಾಜಿನ ಕೆಳಗೆ ಸಾಮಾನಿಡೋ ಹಳ್ಳದಲ್ಲಿ. ಬರುವಾಗ ಜೇಬು ಭಾರ ಆಯ್ತು ಅಂತ ಮೂರು ಹಾಕಿದ್ದೆ. ಹೋಗುವಾಗ ನಡ್ಕೊಂಡೇ ಹೋದೆ.”

ಹಿಲ್ಯಾಗೆ ಇನ್ನೊಂದು ವಿಷಯ ಮೊದಲ ದಿನದಿಂದಲೂ ಚುಚ್ಚುತ್ತಿತ್ತು. ಗಂಡ ಮನೆಗೆ ಬಂದಿಲ್ಲವೆಂದು ಅಬ್ನೆರನ ಹೆಂಡತಿ ಸೋಮವಾರ ಬೆಳಕು ಹರಿಯುವ ಮೊದಲೇ ಹೋಗಿ ಕೇಳಿದಾಗ, ಫ್ರೆರಿಕ್ಸ್ ಬೇರೆಲ್ಲೂ ಹುಡುಕದೆ ನೇರವಾಗಿ ಉತ್ತರದ ಬೇಲಿಗೆ ಹೋಗಿದ್ದರು. ಆ ಫಾರ್ಮಿನ ಬೇಲಿಯನ್ನು ಗಾಡಿಯಲ್ಲಿ ಸುತ್ತಲು ಅರ್ಧ ದಿನ ಬೇಕು.

ಮಧ್ಯಾಹ್ನ ಹನ್ನೆರಡರ ಸುಮಾರಿಗೆ ಅವರು ಶೋಧನಾ ಆದೇಶದೊಂದಿಗೆ ಫಾರ್ಮಿಗೆ ಹೋದರು. ಅಂಗಳದಲ್ಲಿದ್ದ ಬಕ್ಕಿಯ ಹಳ್ಳದಲ್ಲಿ ಮುರಿದ ಕನ್ನಡಕ, ಹಗ್ಗದ ತುಂಡು, ಒಂದು ಜೊತೆ ಉಣ್ಣೆಯ ಕೈಗವಸು, ಐದು ಕಾಡತೂಸು. ಮೂರು ಉದ್ದ, ಎರಡು ಗಿಡ್ಡ. ಸಾರ್ಜೆಂಟ್ ಎಣಿಸಿದ, ಮತ್ತೆ ಎಣಿಸಿದ.

ಫ್ರೆರಿಕ್ಸ್ ಜಗುಲಿಯಲ್ಲಿ ಕೂತಿದ್ದರು. ಮಗಳು ವೀಬ್ಕೆ ಕಾಫಿ ತಂದಿಟ್ಟಳು. ಅವರ ಕೈ ಕಪ್ಪಿನ ಹಿಡಿಯನ್ನು ಹುಡುಕಿ ಹಿಡಿಯಿತು.

“ಶನಿವಾರ ನೀವು ಗುರಿ ಹೊಡೆದ್ರಾ?”

“ಇಲ್ಲ. ಹುಡುಗರಿಗೆ ಹೇಳ್ಕೊಟ್ಟೆ.”

“ಭಾನುವಾರ ಸಂಜೆ?”

“ಮನೇಲಿದ್ದೆ.”

ವೀಬ್ಕೆ ತಂದೆಯ ಕಡೆ ನೋಡಿ ಮುಖ ಆಚೆ ತಿರುಗಿಸಿದಳು. ಹಿಲ್ಯಾ ಅದನ್ನು ಗಮನಿಸಿದರೂ ಅವಳನ್ನು ಕೇಳಲಿಲ್ಲ. ಬಕ್ಕಿಯಲ್ಲಿ ಸಿಕ್ಕ ಕಾಡತೂಸೊಂದನ್ನು ಮೇಜಿನ ಮೇಲೆ ನೆಟ್ಟಗೆ ನಿಲ್ಲಿಸಿದರು.

“ಇದು ಯಾವುದು ಹೇಳ್ತೀರಾ?”

ಮುದುಕರು ಕುರ್ಚಿಯಿಂದ ಏಳಲಿಲ್ಲ. ಮೇಜಿನ ಕಡೆ ಮುಖ ಮಾಡಿದರು, ಅಷ್ಟೇ. “ಥರ್ಟಿ-ಓ-ಸಿಕ್ಸ್. ನೂರೆಂಬತ್ತು ಗ್ರೇನ್. ನಾನೇ ತುಂಬಿದ್ದು. ಈ ಮನೇಲಿ ಬೇರೇದು ಕಾಲಿಟ್ಟಿಲ್ಲಮ್ಮ.”

ಹಿಲ್ಯಾ ಇನ್ನೊಂದನ್ನು ಪಕ್ಕದಲ್ಲಿ ನಿಲ್ಲಿಸಿದರು. ಎರಡನೆಯದು ಮೊದಲನೆಯದಕ್ಕಿಂತ ಬೆರಳಗಲ ಎತ್ತರವಾಗಿ ನಿಂತಿತು.

“ಪಪ್ಪಾ,” ಎಂದಳು ವೀಬ್ಕೆ.

“ಏನು?”

“ಮುಟ್ಟಿ ನೋಡಿ ಪಪ್ಪಾ.”

ಅವರು ಕೈ ಚಾಚಿದರು. ಕಣ್ಣಿಗೆ ಕಾಣದ್ದು ಬೆರಳಿಗೆ ತಕ್ಷಣ ಗೊತ್ತಾಯಿತು. ಗಿಡ್ಡದರ ತುದಿಯ ಮೇಲೆ ಹೆಬ್ಬೆರಳಿಟ್ಟುಕೊಂಡು ಬಹಳ ಹೊತ್ತು ಕೂತಿದ್ದರು.

“ಇದು ಎಲ್ಲಿತ್ತು?”

“ನಿಮ್ಮ ಬಕ್ಕಿಯಲ್ಲಿ. ಮೂರಿದ್ವು. ಒಂದು ದಿಬ್ಬದ ಮೇಲೆ ಸಿಕ್ಕಿತು.”

ಗೋಡೆಯ ಮೇಲಿದ್ದ ರೈಫಲ್ಲನ್ನು ಸಾರ್ಜೆಂಟ್ ಇಳಿಸಿದ. ಕತ್ತಿಲ್ಲದ ಖಾಲಿ ಕಾಡತೂಸು ಅದರ ಗೂಡಿನೊಳಕ್ಕೆ ಜಾರಿ ಹೋಯಿತು, ಬೋಲ್ಟು ಅದರ ಮೇಲೆ ಸದ್ದಿಲ್ಲದೆ ಮುಚ್ಚಿಕೊಂಡಿತು. ಪಂಚನಾಮೆಗೆ ವೀಬ್ಕೆಯೂ ಸಹಿ ಹಾಕಿದಳು.

ಎರಡು ವರ್ಷದಿಂದ ಫ್ರೆರಿಕ್ಸ್ ಅವರ ಕಣ್ಣು ಮಂಜಾಗುತ್ತ ಬಂದಿತ್ತು. ಅದು ಸರಿಯಾಗಿ ಗೊತ್ತಿದ್ದದ್ದು ಮಗಳಿಗೆ ಮತ್ತು ಅಬ್ನೆರನಿಗೆ ಮಾತ್ರ, ಉಸಿಯೆಲ್ ಊಹಿಸಿದ್ದ. ಬೇಟೆಗೆಂದು ಬರುವ ಅತಿಥಿಗಳೊಂದಿಗೆ ಕಾಡಿಗೆ ಹೋದಾಗ ಅಬ್ನೆರ್ ಹಿಂದೆ ನಿಂತು, ಜಾಡಿನ ಬಗ್ಗೆ ಏನೋ ಹೇಳುವವನಂತೆ, “ಎಡಗಡೆ, ಊಮ್. ಮರದ ಪಕ್ಕ,” ಎಂದು ಪಿಸುಗುಡುತ್ತಿದ್ದ. ಊಮ್ ಅದನ್ನೇ ಅತಿಥಿಗಳಿಗೆ ಗಟ್ಟಿಯಾಗಿ ಹೇಳುತ್ತಿದ್ದರು. ಶನಿವಾರ ಉಸಿಯೆಲ್ ಆಡಿದ ಮಾತಿನ ಮೇಲೆ ಅವರಿಗೆ ನಿದ್ದೆ ಬರಲಿಲ್ಲ. ಭಾನುವಾರ ಸಂಜೆ, ಅಬ್ನೆರ್ ಇಲ್ಲದೆ ಒಂದೇ ಒಂದು ಈಲ್ಯಾಂಡ್ ಹೊಡೆದು ತರುತ್ತೇನೆಂದು ಹೊರಟರು. ಫಾರ್ಮಿನ ದಾರಿ ಅವರಿಗೆ ಕಣ್ಣು ಬೇಡದಷ್ಟು ಪರಿಚಿತ. ಚಳಿಗೆ ಹಾಕಿಕೊಂಡಿದ್ದ ಕೈಗವಸಿನಲ್ಲೇ ಬಕ್ಕಿಯ ಹಳ್ಳಕ್ಕೆ ಕೈ ಹಾಕಿ ಸಿಕ್ಕಿದ್ದೊಂದನ್ನು ರೈಫಲ್ಲಿಗೆ ತುಂಬಿದರು. ಆ ಮನೆಯಲ್ಲಿ ಕಾಡತೂಸಿನ ತಳ ತಿರುಗಿಸಿ ನೋಡುವ ರೂಢಿ ಯಾರಿಗೂ ಇರಲಿಲ್ಲ. ಇದ್ದದ್ದು ಒಂದೇ ಬಗೆಯದು, ನೋಡುವುದೇನು? ಬೇಲಿಯ ಬುಡದಲ್ಲಿ ಈಲ್ಯಾಂಡಿನಂತೆ ಕಂದು ಬಣ್ಣದ ಏನೋ ಬಾಗಿ ಏಳುತ್ತಿತ್ತು. ಅಬ್ನೆರನ ಕೋಟೂ ಅದೇ ಬಣ್ಣದ್ದು.

“ಗುಂಡು ಬಿದ್ದ ಮೇಲೆ ಅದು ಕೂಗಿತು,” ಎಂದರು ಫ್ರೆರಿಕ್ಸ್. “ಈಲ್ಯಾಂಡ್ ಹಾಗೆ ಕೂಗಲ್ಲ.”

ಹಿಲ್ಯಾ ಕುರ್ಚಿಯನ್ನು ಅವರ ಹತ್ತಿರಕ್ಕೆ ಎಳೆದುಕೊಂಡರು.

“ಯಾರ ದನಿ ಅಂತ ಗೊತ್ತಾಯ್ತಾ?”

“ಮೂವತ್ತು ವರ್ಷ ಕೇಳಿದ ದನಿ.”

“ಗಾಯಗೊಂಡ ಪ್ರಾಣಿಯನ್ನ ಏನು ಮಾಡ್ಬೇಕು ಅಂತ ಹುಡುಗರಿಗೆ ಹೇಳ್ಕೊಡ್ತೀರಿ?”

“ಹಿಂದೆ ಹೋಗ್ಬೇಕು. ರಾತ್ರಿ ಪೂರ್ತಿ ಆದ್ರೂ ಹೋಗ್ಬೇಕು. ರಕ್ತ ಬಿಟ್ಟು ಮನೆಗೆ ಬರಬಾರದು.”

ಖಾಲಿ ಕಾಡತೂಸನ್ನೂ ಅವರು ಎಂದೂ ಕಾಡಿನಲ್ಲಿ ಬಿಟ್ಟು ಬಂದವರಲ್ಲ. ಅಂದು ದಿಬ್ಬದ ಮೇಲೆ ಮಂಡಿಯೂರಿ ಹುಲ್ಲಿನಲ್ಲಿ ತಡಕಾಡಿದ್ದರು, ಸಿಕ್ಕಿರಲಿಲ್ಲ. ಅಬ್ನೆರ್ ತೆವಳುತ್ತಿದ್ದಾಗ ತಾನು ಹುಡುಕುತ್ತಿದ್ದದ್ದು ಒಂದು ಚೂರು ಹಿತ್ತಾಳೆಯನ್ನು ಎಂದು ಹೇಳಿಕೆಯಲ್ಲಿ ಬರೆಸಿದರು. ಕಣ್ಣು ಕಾಣದವನು ಮನುಷ್ಯನಿಗೆ ಹೊಡೆದ ಎಂದು ಗೊತ್ತಾದರೆ ರೈಫಲ್ಲೂ ಹೋಗುತ್ತದೆ, ಫಾರ್ಮಿನ ಹೆಸರೂ ಹೋಗುತ್ತದೆ ಎಂಬ ಹೆದರಿಕೆ ಅವರನ್ನು ಕೆಳಗಿಳಿಯಲು ಬಿಡಲಿಲ್ಲ. ಅವನೇ ಎದ್ದು ಮನೆಗೆ ಹೋಗುತ್ತಾನೆಂದು ತಮಗೆ ತಾವೇ ಹೇಳಿಕೊಂಡಿದ್ದರು.

“ಉಸಿಯೆಲ್ ಒಳಗಿದ್ದದ್ದು ಗೊತ್ತಿತ್ತಲ್ಲ? ಯಾಕೆ ಸುಮ್ನಿದ್ರಿ?”

“ನಿನ್ನೆ ನಿಮ್ಮ ಸಾರ್ಜೆಂಟ್ ಬಂದು, ದಿಬ್ಬದಲ್ಲಿ ಸಿಕ್ಕಿದ್ದು ತ್ರೀ-ಓ-ಎಯ್ಟ್ ಅಂದ,” ಎಂದರು ಅವರು. “ನಂದು ತ್ರೀ-ಓ-ಎಯ್ಟ್ ಅಲ್ವಲ್ಲ. ಅದೇ ಹೊತ್ತಿಗೆ ಬೇರೆ ಯಾರೋ ಹೊಡೆದಿರ್ಬೇಕು, ನನ್ನ ಗುಂಡು ಎಲ್ಲೋ ಹೋಗಿರ್ಬೇಕು ಅಂದ್ಕೊಂಡೆ. ನಿನ್ನೆಯಿಂದ ಈ ತನಕ ಅದನ್ನೇ ನಂಬಿದ್ದೆ.” ಅವರ ಹೆಬ್ಬೆರಳು ಇನ್ನೂ ಗಿಡ್ಡ ಕಾಡತೂಸಿನ ಮೇಲಿತ್ತು. “ನೀವು ಇದನ್ನ ಇಲ್ಲಿ ಇಡೋ ತನಕ.”

ಕೊಲೆಯಲ್ಲದ ನರಹತ್ಯೆಯ ಆರೋಪದ ಮೇಲೆ ಹೆಲ್ಮುಟ್ ಫ್ರೆರಿಕ್ಸ್ ಅವರನ್ನು ಅಂದೇ ಬಂಧಿಸಲಾಯಿತು. ಹಿಲ್ಯಾ ಅಲ್ಲಿಂದಲೇ ಠಾಣೆಗೆ ಫೋನ್ ಮಾಡಿ, ಉಸಿಯೆಲ್‌ನನ್ನು ಪೊಲೀಸ್ ಗಾಡಿಯಲ್ಲಿ ಕರೆದೊಯ್ದು ಮನೆಗಲ್ಲ, ಬೋರ್‌ವೆಲ್ಲಿನ ಹತ್ತಿರವೇ ಇಳಿಸುವಂತೆ ಹೇಳಿದರು. ತೊಟ್ಟಿಯಲ್ಲಿ ಇನ್ನೂ ಒಂದು ದಿನದ ನೀರಿತ್ತು.

ಜಗುಲಿಯ ತುದಿಗೆ ಬಂದ ಮುದುಕರು ನಿಂತುಬಿಟ್ಟರು. ಮುಂದೆ ಎಡಕ್ಕೆ ಮೆಟ್ಟಿಲಿತ್ತು. ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು. ಒಂದು ಕಾಲನ್ನು ಮುಂದಿಟ್ಟು, ಗಾಳಿಯಲ್ಲಿ ತಡವರಿಸಿ, ಹಿಂದಕ್ಕೆಳೆದುಕೊಂಡರು. ಎಂದೂ ಹಾಗೆ ನಿಂತವರಲ್ಲ. ಹಿಂದೆ ಅಬ್ನೆರ್ ಇರುತ್ತಿದ್ದ.

ಸಾರ್ಜೆಂಟ್ ಗವಾಸೆಬ್ ಅವರ ಮೊಣಕೈ ಹಿಡಿದ.

“ಎಡಗಡೆ, ಊಮ್,” ಎಂದ ತಗ್ಗಿದ ದನಿಯಲ್ಲಿ. “ಇಲ್ಲಿ ಮೆಟ್ಟಿಲಿದೆ.”